ಕಿಡಿಗೇಡಿ ಫೇರಿಗಳನ್ನು ಕಥೆಯೊಳಗೆ ತರುವ ಬಗೆ

ಕಲ್ಪನಾಲೋಕದ ಕಥೆಯಲ್ಲಿ ಕಿಡಿಗೇಡಿ ಫೇರಿಯೊಂದನ್ನು ತರಲು ಬಯಸುವವರು, ಅದರ ರೆಕ್ಕೆ ಮತ್ತು ಮಾಯಾಶಕ್ತಿಗಳನ್ನು ವರ್ಣಿಸುವುದಕ್ಕೆ ಮುಂಚೆ, ಅದರ ನೆರೆಯಲ್ಲಿ ಬಾಳುವ ಮನುಷ್ಯರು ಅದರೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಆ ನಡವಳಿಕೆ ಗಟ್ಟಿಯಾಗಿದ್ದರೆ ಫೇರಿ ತೆರೆಮರೆಯಲ್ಲಿದ್ದರೂ ಓದುಗರು ಅದನ್ನು ನಂಬುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನ ಜನಪದ ಕಥೆಗಳನ್ನು ಈ ದೃಷ್ಟಿಯಿಂದ ಓದಬೇಕು.

ಮೊದಲು ಕೊಡುಕೊಳ್ಳುವಿಕೆಯ ಕಟ್ಟಳೆಯನ್ನು ನಿಶ್ಚಯಿಸಿ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಬ್ರೌನಿ ಎಂಬ ಮನೆಗೆಲಸದ ಫೇರಿ, ಮನೆಯವರೆಲ್ಲ ಮಲಗಿದ ಮೇಲೆ ಕಾಳು ಬಡಿದು, ಕಸ ಗುಡಿಸಿ, ಒಲೆಯ ಬಳಿ ಇಟ್ಟಿರುವ ಒಂದು ಬಟ್ಟಲು ಕೆನೆಯನ್ನು ಕುಡಿದು ಹೋಗುತ್ತದೆ. ಆ ಕೆನೆಯನ್ನು ಯಾರೂ ಕೂಲಿಯೆಂದು ಕರೆಯುವಂತಿಲ್ಲ. ಅದರ ಮೈಮೇಲಿನ ಚಿಂದಿ ಕಂಡು ಮರುಗಿದ ಯಜಮಾನಿ ಹೊಸ ಅಂಗಿ ಹೊಲಿದಿಟ್ಟರೆ, ಅದು ಮನೆ ಬಿಟ್ಟು ಮತ್ತೆಂದೂ ಬರುವುದಿಲ್ಲ. ಕರುಣೆಯೇ ನಷ್ಟಕ್ಕೆ ದಾರಿಯಾಗುವ ಇಂಥ ಕಟ್ಟಳೆಯೊಂದು ಸಿಕ್ಕಿದರೆ ಕಥೆಯ ಅರ್ಧ ಕೆಲಸ ಮುಗಿದಂತೆಯೇ ಸರಿ.

ಚೇಷ್ಟೆಗೂ ಒಂದು ಕಾರಣವಿರಲಿ. ಅವಮಾನಗೊಂಡ ಬ್ರೌನಿ ಬೊಗಾರ್ಟ್ ಎಂಬ ಕಾಟದ ಫೇರಿಯಾಗಿ ಪಾತ್ರೆ ಒಡೆಯುತ್ತದೆ, ಹೊದಿಕೆ ಎಳೆಯುತ್ತದೆ. ಅದರ ಕಾಟ ತಾಳಲಾರದೆ ರೈತನೊಬ್ಬ ಗಾಡಿಗೆ ಸಾಮಾನು ಹೇರಿಕೊಂಡು ಹೊರಟ ಕಥೆ ಉತ್ತರ ಇಂಗ್ಲೆಂಡಿನಲ್ಲಿ ಪ್ರಸಿದ್ಧ. ದಾರಿಯಲ್ಲಿ ನೆರೆಯವನು ‘ಊರು ಬಿಡುತ್ತಿದ್ದೀರಾ?’ ಎಂದು ಕೇಳಿದಾಗ, ಗಾಡಿಯ ಮೇಲಿದ್ದ ಬೆಣ್ಣೆ ಕಡೆಯುವ ಪೀಪಾಯಿಯೊಳಗಿನಿಂದ ‘ಹೌದು, ಬಿಡುತ್ತಿದ್ದೇವೆ’ ಎಂಬ ಉತ್ತರ ಬರುತ್ತದೆ. ರೈತ ಗಾಡಿಯನ್ನು ಹಳೆಯ ಮನೆಯತ್ತಲೇ ತಿರುಗಿಸುತ್ತಾನೆ. ಆ ‘ದೇವೆ’ ಎಂಬ ಬಹುವಚನದಲ್ಲಿ ಬೊಗಾರ್ಟ್ ತನ್ನನ್ನು ಮನೆಯವನೆಂದೇ ಎಣಿಸಿಕೊಂಡಿದೆ; ಅಂಥ ಮಾತೊಂದನ್ನು ನಿಮ್ಮ ಫೇರಿಗೂ ಹುಡುಕಿ ಕೊಡಿ.

ಜನರ ಮುನ್ನೆಚ್ಚರಿಕೆಗಳನ್ನು ವಿವರಿಸಲು ಹೋಗದೆ ನಿತ್ಯದ ಅಭ್ಯಾಸವಾಗಿ ಬರೆಯಿರಿ. ಇಂಗ್ಲೆಂಡಿನ ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ ಪಿಕ್ಸಿ ಎಂಬ ಫೇರಿಗಳು ದಾರಿ ತಪ್ಪಿಸಿದವರು ಆ ಮಾಯೆ ಕಳೆಯಲು ಕೋಟನ್ನು ಒಳಹೊರಗು ಮಾಡಿ ತೊಡುತ್ತಿದ್ದರು. ಐರ್ಲೆಂಡಿನಲ್ಲಿ ಫೇರಿಗಳನ್ನು ‘ಒಳ್ಳೆಯ ಜನ’ ಎಂದೇ ಕರೆಯುತ್ತಿದ್ದರು, ಒಂಟಿಯಾಗಿ ನಿಂತ ಹಾಥಾರ್ನ್ ಎಂಬ ಮುಳ್ಳಿನ ಮರವನ್ನು ಫೇರಿಗಳದೆಂದು ಕಡಿಯುತ್ತಿರಲಿಲ್ಲ. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ಹೊಸ ಹೆದ್ದಾರಿಯ ದಾರಿಗೆ ಅಂಥದೊಂದು ಮರ ಅಡ್ಡ ಬಂದಾಗ, ಕಥೆಗಾರ ಎಡ್ಡಿ ಲೆನಿಹನ್ ಅದನ್ನು ಉಳಿಸಲು ಹೋರಾಡಿದರು, ಮರ ಉಳಿಯಿತು.

ಈ ಲೋಕದ ಕರಾಳ ಮುಖವನ್ನೂ ಬಿಡಬಾರದು. ಫೇರಿಗಳು ಮನುಷ್ಯರನ್ನು ಕದ್ದೊಯ್ದು ಅವರ ರೂಪದ ಬದಲಿಯನ್ನು ಇಟ್ಟುಹೋಗುತ್ತವೆ ಎಂಬ ನಂಬಿಕೆ ಕಾಯಿಲೆ ಬಿದ್ದವರ ಪ್ರಾಣಕ್ಕೇ ಕುತ್ತು ತಂದದ್ದುಂಟು. 1895ರ ಮಾರ್ಚ್‌ನಲ್ಲಿ ಐರ್ಲೆಂಡಿನ ಟಿಪ್ಪೆರರಿ ಕೌಂಟಿಯ ಬ್ರಿಜೆಟ್ ಕ್ಲಿಯರಿ ಎಂಬಾಕೆ ಅನಾರೋಗ್ಯದಿಂದ ಮಲಗಿದ್ದಾಗ, ಆಕೆ ತನ್ನ ಹೆಂಡತಿಯೇ ಅಲ್ಲ, ಬದಲಿ ಎಂದು ಪಟ್ಟು ಹಿಡಿದ ಗಂಡ ಮೈಕೆಲ್ ಆಕೆಯನ್ನು ಸುಟ್ಟು ಕೊಂದನು. ಬಂಧುಗಳು ಮತ್ತು ನೆರೆಯವರು ಆ ಮನೆಯಲ್ಲೇ ಇದ್ದರು. ಆದ್ದರಿಂದ ನಿಮ್ಮ ಊರಿನಲ್ಲಿ ಫೇರಿಯೆಂಬ ಶಂಕೆಗೆ ಗುರಿಯಾದ ಮನುಷ್ಯನೊಬ್ಬನಿರಲಿ. ಅವನಿಗೆ ಹೆಸರು, ಕಸುಬು, ಮಾತು ಎಲ್ಲವನ್ನೂ ಕೊಡಿ, ಮತ್ತು ಒಂದು ಅಧ್ಯಾಯವನ್ನಾದರೂ ಅವನ ಕಣ್ಣಿನಿಂದಲೇ ಬರೆಯಿರಿ.