ಗುಡುಗು ಶುರುವಾಗುವ ಮೊದಲು ಬ್ಯಾಕಪ್ ಮುಗಿಸಿ

ಶಿರಸಿ, ಸಿದ್ದಾಪುರದ ಕಡೆ ಎಷ್ಟೋ ಮನೆಗಳಲ್ಲಿ ಬ್ಯಾಕಪ್ ಎಂದರೆ ಕಂಪ್ಯೂಟರ್‌ನಲ್ಲಿರುವ ಫೈಲ್‌ಗಳದ್ದು ಅದರದೇ ಡಿ ಡ್ರೈವ್‌ಗೆ ಇನ್ನೊಂದು ಕಾಪಿ, ಅಷ್ಟೇ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಏಪ್ರಿಲ್-ಮೇ ಸಿಡಿಲಿಗೆ ಮೊದಲೇ ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡಿಕೊಳ್ಳಿ.

ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಕೊಳ್ಳಿ. 1 ಟಿಬಿ ಸಾಕು. ಪೆನ್‌ಡ್ರೈವ್ ಬೇಡವೇ ಬೇಡ. ಅದರಲ್ಲೂ ಐನೂರು ರೂಪಾಯಿಗೆ ‘2 ಟಿಬಿ’ ಎಂದು ಆನ್‌ಲೈನ್‌ನಲ್ಲಿ ಮಾರುವ ಮಾಲು ಶುದ್ಧ ಮೋಸ. ಒಳಗೆ ಇರುವುದು ಕೆಲವೇ ಜಿಬಿ. ಅದು ತುಂಬಿದ ಮೇಲೂ ಕಾಪಿ ಆಯಿತೆಂದೇ ತೋರಿಸುತ್ತದೆ, ಫೈಲ್ ಮಾತ್ರ ತೆರೆಯುವುದಿಲ್ಲ.

ಇನ್ನು ಏನೇನು ಕಾಪಿ ಮಾಡಬೇಕು? ಜನ ಎಡವುವುದು ಇಲ್ಲೇ. ಡೆಸ್ಕ್‌ಟಾಪ್ ಮೇಲಿನ ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣ ಇದ್ದರೆ ಅದು ಶಾರ್ಟ್‌ಕಟ್. ಅದನ್ನು ಕಾಪಿ ಮಾಡಿದರೆ ಸಿಗುವುದು ಬರೀ ದಾರಿ, ಫೈಲ್ ಅಲ್ಲ. ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿದ್ದರೆ ಅದು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಸಿಗದಿರಬಹುದು. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳಿದ್ದರೆ ಆ ಫಾಂಟ್ ಫೈಲ್‌ಗಳನ್ನೂ ಜೊತೆಗೆ ಇಡಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಉಪನಯನದ ವಿಡಿಯೊ ‘ಫೈಲ್ ತುಂಬಾ ದೊಡ್ಡದು’ ಎಂದು ಹಟ ಮಾಡಿದರೆ ಡಿಸ್ಕ್ ಫ್ಯಾಟ್‌32 ಮಾದರಿಯದ್ದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಆದರೆ ಡಿಸ್ಕ್ ಖಾಲಿ ಇರುವಾಗಲೇ, ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ, ಕಟ್ ಒತ್ತಬೇಡಿ ಮಾರಾಯ್ರೆ, ಕಾಪಿ ಒತ್ತಿ! ಅರ್ಧದಲ್ಲಿ ಕರೆಂಟ್ ಹೋದರೆ ಮೂಲ ಫೈಲಾದರೂ ಉಳಿದಿರುತ್ತದೆ.

ಕಾಪಿ ಆದ ಮೇಲೆ ಎರಡೂ ಕಡೆಯ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ತಾಳೆ ನೋಡಿ. ಆಮೇಲೆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಒಂದು ಫೋಟೊ, ಒಂದು ಪತ್ರ, ಒಂದು ವಿಡಿಯೊ ತೆರೆಯಿರಿ. ಸುಮ್ನೆ ಹೆಸರು ನೋಡಿ ಮುಚ್ಚಬೇಡಿ.

ನಂತರ ‘ಇಜೆಕ್ಟ್’ ಒತ್ತಿ ಡಿಸ್ಕ್ ತೆಗೆಯಿರಿ. ಸದಾ ಸಿಕ್ಕಿಸಿಟ್ಟರೆ ಸಿಡಿಲಿಗೂ, ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೂ ಅದೂ ಸಿಗುತ್ತದೆ. ಮಳೆಗಾಲದ ಥಂಡಿಗೆ ಬಟ್ಟೆಗೇ ಬೂಷ್ಟು ಬರುವ ಊರು ನಮ್ಮದು. ಬಿಗಿ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಆಸ್ತಿ ಪತ್ರ, ಅಂಕಪಟ್ಟಿಗಳ ಸ್ಕ್ಯಾನ್ ಮಾತ್ರ ಗೂಗಲ್ ಡ್ರೈವ್‌ಗೂ ಹಾಕಿ. ಅಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೊಗಳ ಪಾಲೂ ಸೇರಿದೆ. ಹಾಗಾಗಿ ವಿಡಿಯೊಗಳನ್ನು ಅಲ್ಲಿ ತುಂಬಬೇಡಿ.