ಕೋಸು ಹೆಚ್ಚಿದ ಕೂಡಲೇ ಒಲೆಗೆ ಏರಿಸಬೇಡಿ

ಎಲೆಕೋಸಿನ ಪಲ್ಯ ಮಾಡುವ ದಿನ ಮೊದಲು ಕೋಸನ್ನೇ ಸಣ್ಣಗೆ ಹೆಚ್ಚಿ ತಟ್ಟೆಯಲ್ಲಿ ಹರಡಿಡಿ. ಕಾಯಿ ತುರಿಯುವುದು, ಅನ್ನಕ್ಕಿಡುವುದು, ಬೇಳೆ ತೊಳೆಯುವುದು ಎಲ್ಲ ಆಮೇಲೆ. ಅರ್ಧ ಗಂಟೆಯಾದರೂ ಕೋಸು ಹಾಗೇ ಇರಲಿ. ಕರುಳಿನ ಕ್ಯಾನ್ಸರನ್ನು ನೆನೆದೇ ಈ ಮಾತು ಹೇಳುತ್ತಿದ್ದೇನೆ. ಕೋಸಿನಲ್ಲಿ ಗಂಧಕ ಬೆರೆತ ಗ್ಲುಕೋಸಿನೋಲೇಟ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಈಳಿಗೆ ತಾಗಿದಾಗಲೇ ಎರಡೂ ಬೆರೆಯುವುದು. ಹಾಗೆ ಹುಟ್ಟುವ ಘಾಟಿನ ಅಂಶಗಳಲ್ಲಿ ಒಂದಾದ ಸಲ್ಫೊರಾಫೇನ್, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕರುಳಿನ ಗಡ್ಡೆಗಳನ್ನು ಕಡಿಮೆ ಮಾಡಿದೆ. ಹೆಚ್ಚಿದ್ದನ್ನು ತಕ್ಷಣ ಕುದಿಯುವ ನೀರಿಗೆ ಸುರಿದರೆ ಕಿಣ್ವ ಕೆಲಸ ಮಾಡುವ ಮೊದಲೇ ನಾಶವಾಗುತ್ತದೆ.

ಬೇಯಿಸಿಬಿಟ್ಟಿದ್ದೀರಾ? ಚಿಂತೆಯಿಲ್ಲ. ಹಸಿ ಸಾಸಿವೆಯಲ್ಲೂ ಅದೇ ಕಿಣ್ವವಿದೆ. ಅರ್ಧ ಚಮಚ ಸಾಸಿವೆಯನ್ನು ಕಾಯಿತುರಿಯ ಜೊತೆ ಅರೆದು, ಪಲ್ಯ ಒಲೆಯಿಂದ ಇಳಿಸಿ ಬಿಸಿ ಆರಿದ ಮೇಲೆ ಬೆರೆಸಿ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಈ ಕೆಲಸಕ್ಕೆ ಬಾರದು, ಅದು ರುಚಿಗೆ. ಬೆಳ್ಳುಳ್ಳಿಯನ್ನೂ ಹಾಗೆಯೇ ಜಜ್ಜಿ ಹತ್ತು ನಿಮಿಷ ಬಿಟ್ಟು ಬಾಣಲೆಗೆ ಹಾಕಿ.

ಅರಿಸಿನದ ಮಾತು ಬೇರೆ. ಅದರ ಹಳದಿ ಅಂಶವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆಗಿದ್ದರೆ 20 ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೇ ತೋರಿಸಿತು. ಸಾರಿಗೆ ಎರಡನ್ನೂ ಹಾಕುವ ನಮಗೆ ಅಷ್ಟು ಸಾಕು. ಅರಿಸಿನದ ಮಾತ್ರೆಗಳನ್ನು ಮಾತ್ರ ನಿಮ್ಮಷ್ಟಕ್ಕೇ ಕೊಂಡು ನುಂಗಬೇಡಿ, ಅವುಗಳಿಂದ ಕೆಲವರ ಯಕೃತ್ತು ಕೆಟ್ಟಿದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ನಾರನ್ನು. ರಾಗಿ, ಹುರುಳಿ, ಸಿಪ್ಪೆಯಿರುವ ಹೆಸರುಕಾಳು, ಸೊಪ್ಪಿನ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ನಾರು ಹೆಚ್ಚು ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಕಂಡುಬಂದಿದೆ. ಆದರೂ ಊಟ ಬದಲಿಸಿದರೆ ಗಡ್ಡೆ ಬಾರದೆಂದು ಯಾರೂ ಭರವಸೆ ಕೊಡಲಾರರು. ಒಮ್ಮೆ ಪಾಲಿಪ್, ಅಂದರೆ ಕರುಳಿನ ಒಳಪದರದಲ್ಲಿ ಬೆಳೆದು ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು, ತೆಗೆಸಿಕೊಂಡವರಿಗೆ ನಾರು ಹೆಚ್ಚು, ಕೊಬ್ಬು ಕಡಿಮೆ ಇರುವ ಊಟ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಪಾಲಿಪ್ ಮರುಕಳಿಸುವುದು ತಗ್ಗಲಿಲ್ಲ, 2000ದಲ್ಲೇ ಆ ಫಲಿತಾಂಶ ಬಂತು.

ಆದ್ದರಿಂದ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕೆಂದು ಮನೆಮದ್ದಿನಲ್ಲಿ ತಿಂಗಳು ಕಳೆಯಬೇಡಿ, ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಏನೂ ತೊಂದರೆಯಿಲ್ಲದಿದ್ದರೂ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂದು ಕೇಳಿಕೊಳ್ಳಿ.