ಕತ್ತಲಲ್ಲಿ ಕೈಗೆ ಸಿಗುವ ಚೀಲ

ಮೊದಲ ಸಲ ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಹೊರಟಾಗ ನನ್ನ ಚೀಲ 14 ಕೆಜಿ ತೂಗಿತ್ತು. ಈಗ ನೀರು ಬಿಟ್ಟು 7.5 ಕೆಜಿ. ಅರ್ಧ ಸಾಮಾನು ಬಿಟ್ಟೆ ಅಂತ ಕಷ್ಟ ಏನೂ ಆಗಿಲ್ಲ. ಮೊದಲಿಗಿಂತ ಆರಾಮಾಗಿಯೇ ಇರುತ್ತೇನೆ.

ನಾನಿರುವುದು ಧಾರವಾಡದಲ್ಲಿ. ಸೋದರಮಾವನ ಹೊಲ ಮುಂಡರಗಿ ತಾಲೂಕಿನ ಡೋಣಿ ಹತ್ತಿರ, ಗುಡ್ಡದ ಬುಡದಲ್ಲೇ. ಎರಡು ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಎರಡು ರಾತ್ರಿ ಬಯಲಲ್ಲೇ ಮಲಗಿ ಬರುತ್ತೇನೆ. ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ಏನೇನು ಕೊಳ್ಳಬೇಕು? ಕೊಳ್ಳುವುದು ಆಮೇಲೆ. ಕೊಂಡದ್ದನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಅನ್ನುವುದು ಮೊದಲು. ಇದು ನನಗೆ ಒಂದೇ ರಾತ್ರಿಯಲ್ಲಿ ಗೊತ್ತಾಯಿತು.

ಅದು ಮೇ ತಿಂಗಳು, ಕೃತ್ತಿಕೆ ಮಳೆಯ ದಿನಗಳು. ಹೊಲ ಖಾಲಿ ಇತ್ತು. ಮೂಲೆಯಲ್ಲಿ ಕುರಿ ತರುಬಿದ್ದರು. ನಾನೂ ನನ್ನ ಗೆಳೆಯನೂ ಬೇವಿನ ಮರದ ಕೆಳಗೆ ತಾಡಪತ್ರಿ ಕಟ್ಟಿ ಮಲಗಿದ್ದೆವು. ಹೊಲದ ಮನೆ ಹತ್ತಿರದಲ್ಲೇ ಇತ್ತು, ಆದರೆ ಬಯಲಲ್ಲೇ ಮಲಗುವ ಆಸೆ. ನಡುರಾತ್ರಿ ದಾಟಿದ ಮೇಲೆ ಗಾಳಿ ಎದ್ದಿತು. ಆ ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಅದರಲ್ಲಿ ಬಡಿದ ಗೂಟ ಎಷ್ಟು ಹಿಡಿದೀತು? ನಾಲ್ಕರಲ್ಲಿ ಮೂರು ಗೂಟ ಕಿತ್ತು ಬಂದವು. ಹಿಂದೆಯೇ ಮಳೆ.

ಬ್ಯಾಟರಿ ಬೇಕಿತ್ತು. ಅದು ಚೀಲದ ತಳದಲ್ಲಿ, ಬಟ್ಟೆಗಳ ಕೆಳಗೆ. ಹಗ್ಗ ಕೊಯ್ಯಲು ಚಾಕು ಬೇಕಿತ್ತು. ಅದು ಯಾವ ಕಿಸೆಯಲ್ಲಿದೆ ಅಂತ ನೆನಪಾಗಲಿಲ್ಲ. ಒಂದೊಂದೇ ಹೊರಗೆ ತೆಗೆದೆ. ತೆಗೆದದ್ದೆಲ್ಲ ನೆನೆಯಿತು, ಕಡ್ಡಿಪೆಟ್ಟಿಗೆಯೂ. ಅಷ್ಟರಲ್ಲಿ ಕುರಿ ಕಾಯುವ ಅಜ್ಜ ಬ್ಯಾಟರಿ ಬಿಡುತ್ತಾ ಬಂದರು.

"ತಮ್ಮಾ, ಗಿಡದ ಬುಡಕ ನಿಂದರಬ್ಯಾಡ್ರಪಾ, ಸಿಡ್ಲು ಬಡಿತೈತಿ. ಬರ್ರಿ ಈ ಕಡೆ."

ಅವರ ಹಿಂದೆ ಹೊಲದ ಮನೆಗೆ ಓಡಿದೆವು. ಮೇ ತಿಂಗಳ ಮಳೆ ಅಂದರೆ ಸಿಡಿಲಿನ ಮಳೆ. ಒಂಟಿ ಮರದ ಕೆಳಗೆ ಮಲಗಿದ್ದು ನನ್ನ ದೊಡ್ಡ ತಪ್ಪು. ಅದನ್ನು ಯಾವ ಸಾಮಾನೂ ಸರಿ ಮಾಡುತ್ತಿರಲಿಲ್ಲ.

ಬೆಳಗಾದ ಮೇಲೆ ಅಜ್ಜನ ಹತ್ತಿರ ಏನೇನಿದೆ ಅಂತ ಗಮನ ಇಟ್ಟು ನೋಡಿದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಬ್ಯಾಟರಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅಂಗಿಯ ಒಳಕಿಸೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ. ಬಗಲಚೀಲದಲ್ಲಿ ಬುತ್ತಿ, ಒಂದು ಸಣ್ಣ ಕುಡುಗೋಲು, ಸ್ವಲ್ಪ ಹಗ್ಗ. ಅಷ್ಟೇ. ಅದರಲ್ಲಿ ಒಂದನ್ನೂ ಅವರು ಹುಡುಕಿದ್ದು ನಾನು ನೋಡಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕೈ ತಾನೇ ಅಲ್ಲಿಗೆ ಹೋಗುತ್ತಿತ್ತು.

ಅವತ್ತಿನಿಂದ ನನ್ನ ಸಾಮಾನು ಮೂರು ಕಡೆ ಇರುತ್ತದೆ: ಮೈಮೇಲೆ, ಬಗಲಚೀಲದಲ್ಲಿ, ಬೆನ್ನಚೀಲದಲ್ಲಿ. ಬೆನ್ನಚೀಲ ಕಳೆದರೂ ಒಂದು ರಾತ್ರಿ ಕಳೆಯಲು ಆಗಬೇಕು. ಬಗಲಚೀಲವೂ ಕಳೆದರೆ ಮೈಮೇಲೆ ಇದ್ದದ್ದರಿಂದ ದಾರಿಗೆ ಬರಲು ಆಗಬೇಕು. ಹಾಗಾಗಿ ಸೀಟಿ ಕೊರಳಲ್ಲಿ. ಸಣ್ಣ ಬ್ಯಾಟರಿ ಅಂಗಿಯ ಕಿಸೆಯಲ್ಲಿ. ಲೈಟರ್ ಪ್ಯಾಂಟಿನ ಬಲಗಿಸೆಯಲ್ಲಿ, ಯಾವಾಗಲೂ ಬಲಗಿಸೆಯಲ್ಲೇ. ಮೊಬೈಲನ್ನು ನಾನು ಬ್ಯಾಟರಿ ಅಂತ ಲೆಕ್ಕ ಹಿಡಿಯುವುದಿಲ್ಲ. ಅದರ ಚಾರ್ಜ್ ಫೋನ್ ಮಾಡುವುದಕ್ಕೆ ಉಳಿಯಬೇಕು.

ಇನ್ನು ಚಾಕು. ಇದಕ್ಕೆ ಎರಡು ಸಲ ದುಡ್ಡು ಕಳೆದೆ. ಮೊದಲು ತರಿಸಿದ್ದು ಹಿಡಿಕೆ ಪೊಳ್ಳಾದ ಚಾಕು. ಹಿಡಿಕೆಯ ಒಳಗೆ ಸೂಜಿ, ಗಾಳ, ತುದಿಯಲ್ಲಿ ದಿಕ್ಸೂಚಿ. ನೋಡಲು ಚೆಂದ. ಮೂರನೇ ಕಟ್ಟಿಗೆ ಸೀಳುವಾಗ ಅಲಗು ಒಂದು ಕಡೆ, ಹಿಡಿಕೆ ಒಂದು ಕಡೆ ಆಯಿತು. ಎರಡನೆಯದು ಒಂದು ಅಡಿ ಉದ್ದದ್ದು. ಅದರಲ್ಲಿ ಈರುಳ್ಳಿ ಹೆಚ್ಚುವುದೂ ಕಷ್ಟ. ಕಡೆಗೆ ಗದಗಿನಲ್ಲಿ ಒಬ್ಬ ಕಂಬಾರರ ಹತ್ತಿರ ಹೋದೆ. ಲಾರಿಯ ಹಳೇ ಪಾಟಾದಿಂದ, ಅಂದರೆ ಸ್ಪ್ರಿಂಗ್ ಪಟ್ಟಿಯಿಂದ, ಕುಡುಗೋಲು, ಕೊಡಲಿ ಮಾಡುವವರು. ಅಲಗು ನಾಲ್ಕೂವರೆ ಇಂಚು ಸಾಕು, ಹಿಡಿಕೆಯ ತುದಿತನಕ ಒಂದೇ ಕಬ್ಬಿಣ ಇರಬೇಕು ಅಂದೆ. ಅವರು ಕಾಸಿ, ಬಡಿದು, ಎಣ್ಣೆಯಲ್ಲಿ ಅದ್ದಿದರು. ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಇಲ್ಲ. ತಣ್ಣಗಾದ ಅಲಗನ್ನು ತಿಕ್ಕಿ ಬೆಳ್ಳಗೆ ಮಾಡಿ, ಮತ್ತೆ ಸಣ್ಣ ಶಾಖಕ್ಕೆ ಹಿಡಿದರು. ಒಣಹುಲ್ಲಿನ ಹಳದಿ ಬಣ್ಣ ಅಲಗಿನ ಮೇಲೆ ನಿಧಾನ ಹರಿದು ಬಂತು. ಬಂದ ತಕ್ಷಣ ತೆಗೆದುಬಿಟ್ಟರು. ಹಾಗೆ ಹದ ಕೊಡದಿದ್ದರೆ ಅಲಗು ಗಾಜಿನ ಹಾಗೆ ಒಡೆಯುತ್ತದೆ, ಹದ ಜಾಸ್ತಿ ಆದರೆ ಅಂಚು ಮೆತ್ತಗಾಗುತ್ತದೆ. ಹಿಡಿಕೆ ಜಾಲಿ ಕಟ್ಟಿಗೆಯದು. ಐದು ವರ್ಷ ಆಯಿತು, ಅಲುಗಾಡಿಲ್ಲ. ಇದು ತುಕ್ಕು ಹಿಡಿಯುವ ಕಬ್ಬಿಣ. ಒರೆಸಿ ಕೊಬ್ಬರಿ ಎಣ್ಣೆ ಸವರಲೇಬೇಕು. ಬಸ್ಸಿನಲ್ಲಿ ಹೋಗುವಾಗ ಒರೆಯಲ್ಲಿಟ್ಟು, ಬಟ್ಟೆ ಸುತ್ತಿ, ಬೆನ್ನಚೀಲದ ಒಳಗೆ ಹಾಕುತ್ತೇನೆ. ಹೊಲ ಮುಟ್ಟಿದ ಮೇಲೆ ಸೊಂಟಕ್ಕೆ.

ಬೆಂಕಿಯ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳುತ್ತೇನೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿಲೋಮೀಟರ್. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಧಾಮದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಅನುಮತಿ ಇಲ್ಲದೆ ಅಲ್ಲಿ ಉಳಿಯುವ ಹಾಗೂ ಇಲ್ಲ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಒಂದು ಕಿಡಿಗೆ ಕಾದಿರುತ್ತದೆ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ ಅದು. ಕತ್ತೆಕಿರುಬ, ತೋಳ ಇರುವ ಜಾಗ. ನಮ್ಮ ಹವ್ಯಾಸಕ್ಕೆ ಅದನ್ನು ಸುಡಬಾರದು. ಗುಡ್ಡ ಹತ್ತಿದ ದಿನ ನನ್ನದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಬಿಸಿ ಮಾಡುವ ಕೆಲಸವೇ ಇಲ್ಲ, ವಾರಗಟ್ಟಲೆ ಕೆಡುವುದೂ ಇಲ್ಲ. ಬೆಂಕಿ ಏನಿದ್ದರೂ ಮಾಮನ ಹೊಲದಲ್ಲಿ, ಒಂದು ಮೊಳ ಆಳದ ಗುಂಡಿಯಲ್ಲಿ, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡು.

ಬೆಂಕಿಗೆ ನನ್ನ ಬಳಿ ಮೂರು ದಾರಿ ಇವೆ: ಲೈಟರ್, ಕಡ್ಡಿಪೆಟ್ಟಿಗೆ, ಫೆರೋ ರಾಡ್. ಫೆರೋ ರಾಡ್ ಅಂದರೆ ಕೆರೆದರೆ ಕಿಡಿ ಹಾರುವ ಲೋಹದ ಕಡ್ಡಿ. ನೆನೆದರೂ ಒರೆಸಿ ಕೆರೆದರೆ ಕಿಡಿ ಕೊಡುತ್ತದೆ. ಆದರೆ ಕಿಡಿ ಹಿಡಿಯುವ ವಸ್ತು ಬೇಕಲ್ವಾ? ನಮ್ಮ ಕಡೆ ಹತ್ತಿಗೇನು ಬರ. ಬೀಜ ತೆಗೆದ ಅರಳೆಗೆ ಸ್ವಲ್ಪ ವ್ಯಾಸಲಿನ್ ಉಜ್ಜಿ ಸಣ್ಣ ಡಬ್ಬಿಯಲ್ಲಿ ತುಂಬಿಡುತ್ತೇನೆ. ಬರೀ ಅರಳೆ ಭಗ್ ಅಂತ ಹತ್ತಿ ಕ್ಷಣದಲ್ಲಿ ಆರುತ್ತದೆ. ವ್ಯಾಸಲಿನ್ ಹಚ್ಚಿದ್ದು ಎರಡು ಮೂರು ನಿಮಿಷ ಉರಿಯುತ್ತದೆ, ಕಡ್ಡಿಗಳನ್ನು ಜೋಡಿಸಲು ಅಷ್ಟು ಸಾಕು. ಉಂಡೆಯನ್ನು ಬಿಡಿಸಿ ಎಳೆ ಎಳೆ ಮಾಡಿದ ಮೇಲೆ ಕಿಡಿ ಬೀಳಿಸಬೇಕು. ಉಂಡೆಗೇ ಹೊಡೆದರೆ ಹತ್ತುವುದಿಲ್ಲ. ಬೆಂಕಿ ಹಿಡಿದ ಮೇಲೆ ಒಂದು ಕುಳ್ಳು ಇಟ್ಟರೆ ಬಹಳ ಹೊತ್ತು ಕೆಂಡ ಇರುತ್ತದೆ.

ಮಲಗಲು ಕಂಬಳಿ. ರಾಣೆಬೆನ್ನೂರು ಕಡೆಯಿಂದ ತಂದದ್ದು. ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕುರಿ ಉಣ್ಣೆ, ಸಣ್ಣ ಹನಿಗೆ ಒಳಗೆ ನೀರು ಇಳಿಯುವುದಿಲ್ಲ. ಕಿಡಿ ಬಿದ್ದರೆ ಒಂದು ಚುಕ್ಕೆ ಸುಟ್ಟು ಅಲ್ಲೇ ನಿಲ್ಲುತ್ತದೆ. ನೈಲಾನ್ ಸ್ಲೀಪಿಂಗ್ ಬ್ಯಾಗಿಗೆ ಅದೇ ಕಿಡಿ ಬಿದ್ದರೆ ಕರಗಿ ತೂತು ಆಗುತ್ತದೆ. ತೂಕ ಜಾಸ್ತಿ, ನಿಜ. ಆ ಎರಡು ಕೆಜಿಯನ್ನು ನಾನು ಮನಸ್ಸಾರೆ ಹೊರುತ್ತೇನೆ. ಕಂಬಳಿ ದಾಟಿ ಹಾವು ಬರುವುದಿಲ್ಲ ಅಂತ ಹೇಳುವವರಿದ್ದಾರೆ, ಅದನ್ನು ನಂಬಿ ಮಲಗಬೇಡಿ.

ತಾಡಪತ್ರಿಗೆ ಈಗ ಗೂಟ ಒಯ್ಯುವುದಿಲ್ಲ. ನಾಲ್ಕು ಖಾಲಿ ಚೀಲ ಮಡಚಿ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಮಣ್ಣು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಳದುದ್ದ ಕೆಳಗೆ ಹೂಳುವುದು. ಎರೆ ಭೂಮಿಯಲ್ಲಿ ಅಷ್ಟು ಗಟ್ಟಿ ಬೇರೇನೂ ಹಿಡಿದದ್ದನ್ನು ನಾನು ಕಂಡಿಲ್ಲ.

ನೀರು ಒಂದು ದಿನಕ್ಕೆ 4 ಲೀಟರ್. ಗುಡ್ಡದ ಹಳ್ಳಗಳು ವರ್ಷದ ಬಹುಪಾಲು ಒಣಗಿರುತ್ತವೆ, ಸಿಕ್ಕೀತು ಅಂತ ಹೋಗಬಾರದು. ಒಂದು ಬಾಟಲಿ ಮಾತ್ರ ಒಂದೇ ಪದರದ ಸ್ಟೀಲಿನದು, ಮುಚ್ಚಳ ತೆಗೆದು ಬೆಂಕಿಯ ಮೇಲೆ ಇಟ್ಟು ನೀರು ಕುದಿಸಬಹುದು. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಎರಡು ಪದರದ ಫ್ಲಾಸ್ಕನ್ನು ಎಂದೂ ಬೆಂಕಿಗೆ ಇಡಬೇಡಿ. ನಡುವಿನ ಜಾಗ ಕಾದು ಸಿಡಿಯುತ್ತದೆ.

ಔಷಧಿ ಚೀಲದಲ್ಲಿ ಓಆರ್‌ಎಸ್, ಬ್ಯಾಂಡೇಜ್, ಬೆಟಾಡಿನ್, ಮುಳ್ಳು ತೆಗೆಯುವ ಚಿಮಟಿಗೆ. ಜಾಲಿ ಮುಳ್ಳು ಚಪ್ಪಲಿ ದಾಟಿ ಬರುತ್ತದೆ, ಹಾಗಾಗಿ ದಪ್ಪ ತಳದ ಬೂಟು ಬೇಕು. ಬೆಳಗ್ಗೆ ಅದನ್ನು ಕೊಡವಿ ಹಾಕಿಕೊಳ್ಳಬೇಕು, ಒಳಗೆ ಚೇಳು ಇರಬಹುದು. ಹಾವಿಗೆ ಚೀಲದಲ್ಲಿ ಔಷಧಿ ಇಲ್ಲ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಅಲುಗಾಡದ ಹಾಗೆ ಇರಿಸಿ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಹೊರಡುವ ಮೊದಲೇ ಹತ್ತಿರದ ದೊಡ್ಡ ಆಸ್ಪತ್ರೆ ಎಲ್ಲಿದೆ ಅಂತ ತಿಳಿದುಕೊಂಡು, ಚೀಟಿಯಲ್ಲಿ ಬರೆದು ಇಟ್ಟುಕೊಳ್ಳುತ್ತೇನೆ.

ಮಲೆನಾಡಿನ ಅಂಚಿನ ಕಲಘಟಗಿ ಕಡೆ ಹೋದರೆ ಲೆಕ್ಕ ಬೇರೆ. ಅಲ್ಲಿ ಮಳೆಗಾಲದಲ್ಲಿ ಎಲ್ಲವೂ ಒದ್ದೆ. ಬಟ್ಟೆಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಇಂಬಳಕ್ಕೆ ಉದ್ದ ಕಾಲುಚೀಲ ಸೇರುತ್ತವೆ.

ಬಗಲಚೀಲದೊಳಗೆ ಸಾಮಾನು ಬೆರಕೆ ಆಗುತ್ತಿತ್ತು. ಅದಕ್ಕೆ ಅವ್ವ ನಾಲ್ಕು ಪುಟ್ಟ ಚೀಲ ಹೊಲಿದು ಕೊಟ್ಟಳು. ಬಣ್ಣ ಬೇರೆ ಬೇರೆ ಇರಲಿ ಅಂದಿದ್ದೆ. "ಕತ್ತಲದಾಗ ಬಣ್ಣ ಹೆಂಗ ಕಾಣ್ತೈತೋ?" ಅಂದಳು. ಹೌದಲ್ಲ ಅನಿಸಿತು. ಆಮೇಲೆ ಅವಳೇ ಬಟ್ಟೆ ಆರಿಸಿದಳು. ಬೆಂಕಿ ಸಾಮಾನಿಗೆ ಹಳೇ ಜೀನ್ಸ್, ಮುಟ್ಟಿದರೆ ಒರಟು. ಔಷಧಿಗೆ ಕುಬಸದ ಖಣ, ಅದರ ಅಂಚು ಬೆರಳಿಗೆ ತಿಳಿಯುತ್ತದೆ. ಸೂಜಿ, ದಾರ, ಹಗ್ಗಕ್ಕೆ ಹುಬ್ಬಳ್ಳಿಯ ಬೆಂಗೇರಿಯಿಂದ ತಂದ ಖಾದಿ, ಅಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದಲ್ಲ, ಆ ಸಂಘದ್ದು. ಬ್ಯಾಟರಿ ಸೆಲ್‌ಗೆ ಗೋಣಿ ತಟ್ಟು.

ಹೊರಡುವ ಹಿಂದಿನ ರಾತ್ರಿ ಮಾಳಿಗೆಯ ಮೇಲೆ ದೀಪ ಆರಿಸಿ ಕೂರುತ್ತೇನೆ. ಮಗಳು ಒಂದೊಂದೇ ಹೆಸರು ಕೂಗುತ್ತಾಳೆ. "ಅಪ್ಪಾ, ಕಡ್ಡಿಪೆಟ್ಟಿಗೆ!" ಅವಳು ಐದು ಎಣಿಸುವುದರೊಳಗೆ ಕೈಗೆ ಬರಬೇಕು. ಬಾರದಿದ್ದರೆ ಆ ಸಾಮಾನಿನ ಜಾಗ ಬದಲಾಗುತ್ತದೆ. ಸೀಟಿ ಮೊದಲು ಚೀಲದ ಪಟ್ಟಿಯಲ್ಲಿತ್ತು, ಕೊರಳಿಗೆ ಬಂದದ್ದು ಹೀಗೆಯೇ.

ವಾಪಸ್ ಬಂದ ದಿನವೇ ಎಲ್ಲ ಹೊರಗೆ ಹಾಕುತ್ತೇನೆ. ಕಂಬಳಿ ಬಿಸಿಲಿಗೆ, ಚಾಕುವಿಗೆ ಎಣ್ಣೆ, ಬ್ಯಾಟರಿಯ ಸೆಲ್ ಹೊರಗೆ. ಬಳಸದೆ ಬಂದ ಸಾಮಾನನ್ನು ಒಂದು ಕಡೆ ಇಡುತ್ತೇನೆ. ಮೂರು ಸಲ ಹಾಗೇ ಬಂದರೆ ನಾಲ್ಕನೇ ಸಲ ಅದು ಮನೆಯಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದು ಮಡಚುವ ಕುರ್ಚಿ, ಗ್ಯಾಸ್ ಒಲೆ, ಎರಡನೇ ಪಾತ್ರೆ, ದೊಡ್ಡ ಚಾಕು. ಖಣದ ಚೀಲ ಮತ್ತು ಸೀಟಿಗೆ ಮಾತ್ರ ಈ ಲೆಕ್ಕ ಇಲ್ಲ. ಸೀಟಿಯನ್ನು ಇವತ್ತಿನವರೆಗೆ ಒಮ್ಮೆಯೂ ಊದಿಲ್ಲ.